ಫುನಾಫುಟಿ: ಅಂಗೈಯಗಲ ನೆಲದ ರಾಜಧಾನಿ

ವಿಮಾನ ಇಳಿಯುವ ಮೊದಲು ಫುನಾಫುಟಿಯಲ್ಲಿ ಸೈರನ್ ಮೊಳಗುತ್ತದೆ. ರನ್‌ವೇ ಮೇಲೆ ಅಡ್ಡಾಡುತ್ತಿದ್ದವರು, ಬೈಕಿನಲ್ಲಿ ಅದನ್ನು ದಾಟುತ್ತಿದ್ದವರು ಬದಿಗೆ ಸರಿಯುತ್ತಾರೆ. ಅಗ್ನಿಶಾಮಕ ವಾಹನವೊಂದು ಉದ್ದಕ್ಕೂ ಓಡಿ, ಮಕ್ಕಳಾಗಲಿ ನಾಯಿಗಳಾಗಲಿ ಉಳಿದಿಲ್ಲವೆಂದು ಖಚಿತ ಮಾಡಿಕೊಳ್ಳುತ್ತದೆ. ಫಿಜಿಯ ಸುವಾದಿಂದ ಎರಡೂವರೆ ಗಂಟೆ ಬರೀ ಸಾಗರದ ಮೇಲೆ ಹಾರಿ ಬಂದ ಎಟಿಆರ್ ವಿಮಾನ ಇಳಿದು, ಜನರನ್ನೂ ಸಾಮಾನನ್ನೂ ಇಳಿಸಿ, ಹೊರಡುವವರನ್ನು ಹತ್ತಿಸಿಕೊಂಡು ಹಾರಿತೆಂದರೆ ರನ್‌ವೇ ಮತ್ತೆ ಊರಿನವರದು. ಬಿಸಿಲು ಇಳಿದ ಮೇಲೆ ಅಲ್ಲಿ ವಾಲಿಬಾಲ್ ಬಲೆ ಎದ್ದು ನಿಲ್ಲುತ್ತದೆ, ಫುಟ್‌ಬಾಲ್ ಮತ್ತು ರಗ್ಬಿ ತಂಡಗಳು ಇಳಿಯುತ್ತವೆ, ಹಿರಿಯರು ವಾಯುವಿಹಾರಕ್ಕೆ ಬರುತ್ತಾರೆ. ಸೆಕೆಯ ರಾತ್ರಿಗಳಲ್ಲಿ ಚಾಪೆ ದಿಂಬು ತಂದು ಗಾಳಿಗೆ ಮೈಯೊಡ್ಡಿ ಮಲಗುವವರೂ ಉಂಟು.

ಟುವಾಲು ದೇಶದ ರಾಜಧಾನಿಯ ಬಗ್ಗೆ ಬರೆಯುವವರೆಲ್ಲ ಈ ದೃಶ್ಯವನ್ನು ವರ್ಣಿಸುತ್ತಾರೆ. ಆದರೆ ಇದು ಹೀಗೇಕೆ ಎಂದು ಕೇಳುವವರು ಕಡಿಮೆ. ಊರಿನವರು ಮೋಜಿಗಾಗಿ ರನ್‌ವೇ ಹಿಡಿದುಕೊಂಡಿಲ್ಲ. ಮೊದಲು ಊರಿನ ನೆಲವನ್ನು ರನ್‌ವೇ ತೆಗೆದುಕೊಂಡಿತು. ಆ ಸಂಗತಿಯನ್ನು ಹಿಡಿದು ಹೊರಟರೆ ಫುನಾಫುಟಿಯ ನೀರು, ಮನೆ, ಬೆಳೆ, ರಾಜಕಾರಣ ಎಲ್ಲವೂ ಒಂದೊಂದಾಗಿ ಅರ್ಥವಾಗತೊಡಗುತ್ತವೆ. ‘ಮುಳುಗುತ್ತಿರುವ ದೇಶ’ ಎಂಬ ಎರಡೇ ಪದದಲ್ಲಿ ಈ ಊರನ್ನು ಮುಗಿಸಿಬಿಡುವುದು ಅಲ್ಲಿ ಬದುಕುತ್ತಿರುವವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ಗಟ್ಟಿ ನಂಬಿಕೆ.

ಫುನಾಫುಟಿ ಒಂದು ಹವಳದ ಉಂಗುರ. ಸುಮಾರು 30 ಪುಟ್ಟ ದ್ವೀಪಗಳು ಒಂದು ದೊಡ್ಡ ಲಗೂನಿನ ಸುತ್ತ ಬಿಡಿಬಿಡಿಯಾಗಿ ನಿಂತಿವೆ. ಉಂಗುರದೊಳಗಿನ ಆ ಶಾಂತ ಕಡಲಿನ ವಿಸ್ತಾರ ಸುಮಾರು 275 ಚದರ ಕಿಲೋಮೀಟರ್. ನೆಲವೆಂದು ಹೇಳಿಕೊಳ್ಳಲು ಇರುವುದು ಎಲ್ಲ ಸೇರಿ 2.4 ಚದರ ಕಿಲೋಮೀಟರ್, ಎಂದರೆ 600 ಎಕರೆಯೂ ಆಗದು. ಅದರಲ್ಲಿ ಜನ ತುಂಬಿರುವುದು ಫೊಂಗಾಫಾಲೆ ಎಂಬ ಒಂದು ದ್ವೀಪದಲ್ಲಿ. ಉದ್ದ ಸುಮಾರು 12 ಕಿಲೋಮೀಟರ್. ಅತಿ ಅಗಲವಾದ ಕಡೆ 400 ಮೀಟರ್. ಕೆಲವೆಡೆ ಒಂದು ರಸ್ತೆ ಹೋದರೆ ಎರಡೂ ಪಕ್ಕ ನೀರೇ. ಟುವಾಲುವಿನ ಒಂಬತ್ತೂ ದ್ವೀಪಗಳನ್ನು ಕೂಡಿಸಿದರೆ 26 ಚದರ ಕಿಲೋಮೀಟರ್, ಸುಮಾರು 11 ಸಾವಿರ ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫುನಾಫುಟಿಯಲ್ಲೇ ಇದ್ದಾರೆ. ದೇಶದಲ್ಲಿ ಎಲ್ಲಿಯೂ ಸಮುದ್ರಮಟ್ಟದಿಂದ ಐದು ಮೀಟರ್ ಮೀರಿದ ಎತ್ತರವಿಲ್ಲ.

1942ರ ಅಕ್ಟೋಬರ್‌ನಲ್ಲಿ ಅಮೆರಿಕದ ಪಡೆಗಳು ಇಲ್ಲಿ ಇಳಿದವು. ಉತ್ತರದ ಗಿಲ್ಬರ್ಟ್ ದ್ವೀಪಗಳು ಜಪಾನಿನ ಕೈಯಲ್ಲಿದ್ದವು. ಅವುಗಳ ಮೇಲೆ ದಾಳಿ ಮಾಡಲು ಹತ್ತಿರದ ನೆಲೆಯೊಂದು ಬೇಕಿತ್ತು. ಫೊಂಗಾಫಾಲೆಯ ಅಗಲವಾದ ಭಾಗ, ಅಂದರೆ ಸಾವಿರಾರು ತೆಂಗಿನ ಮರಗಳೂ ಬೇಸಾಯದ ಗುಂಡಿಗಳೂ ಇದ್ದ ಜಾಗ, ವಿಮಾನನೆಲೆಗೆ ಹೋಯಿತು. ನೌಕಾಪಡೆಯ ನಿರ್ಮಾಣ ತುಕಡಿಗಳು ಹವಳದ ಕಲ್ಲನ್ನು ಅಲ್ಲಿಂದಲೇ ಅಗೆದು ರನ್‌ವೇಗೆ ಹಾಸಿದವು. ಅಗೆದ ಜಾಗಗಳಲ್ಲಿ ದೊಡ್ಡ ದೊಡ್ಡ ಗುಂಡಿಗಳು ಉಳಿದವು. 1943ರ ಏಪ್ರಿಲ್‌ನಲ್ಲಿ ಜಪಾನಿ ಬಾಂಬರುಗಳು ಬಂದಾಗ ಊರಿನ ನೂರಾರು ಜನ ಚರ್ಚಿನಲ್ಲಿ ಅಡಗಿದ್ದರು. ಲ್ಯಾಡ್ ಎಂಬ ಅಮೆರಿಕನ್ ಕಾರ್ಪೊರಲ್ ಅವರನ್ನು ಒತ್ತಾಯಿಸಿ ಹೊರಗೆ ಕರೆದು ಕಂದಕಗಳಿಗೆ ಕಳಿಸಿದ. ಸ್ವಲ್ಪ ಹೊತ್ತಿನಲ್ಲೇ ಆ ಚರ್ಚಿನ ಮೇಲೆ ಬಾಂಬು ಬಿತ್ತು. ಟುವಾಲುವಿನವರು ಆ ಹೆಸರನ್ನು ಇವತ್ತಿಗೂ ಮರೆತಿಲ್ಲ.

ಯುದ್ಧ ಮುಗಿಯಿತು, ಸೈನ್ಯ ಹೋಯಿತು. ರನ್‌ವೇಯೂ ಗುಂಡಿಗಳೂ ಉಳಿದವು. ಆಗಿನ್ನೂ ಫುನಾಫುಟಿ ಚಿಕ್ಕ ಹಳ್ಳಿ. 1970ರ ದಶಕದ ಆರಂಭದಲ್ಲಿಯೂ ಜನಸಂಖ್ಯೆ ಸಾವಿರದ ಆಚೀಚೆ ಇತ್ತು. ಬ್ರಿಟಿಷರ ಗಿಲ್ಬರ್ಟ್ ಮತ್ತು ಎಲಿಸ್ ದ್ವೀಪಗಳ ವಸಾಹತಿನ ಆಡಳಿತವೆಲ್ಲ ಗಿಲ್ಬರ್ಟ್ ದ್ವೀಪಗಳ ಟರಾವಾದಲ್ಲಿತ್ತು. 1974ರಲ್ಲಿ ಜನಮತ ನಡೆದು ಎಲಿಸ್ ದ್ವೀಪದವರು, ಎಂದರೆ ಇಂದಿನ ಟುವಾಲುವಿನವರು, ಬೇರೆಯಾಗಲು ನಿರ್ಧರಿಸಿದರು; 1978ರ ಅಕ್ಟೋಬರ್ 1ರಂದು ಟುವಾಲು ಸ್ವತಂತ್ರವಾಯಿತು. ಟರಾವಾದ ಕಚೇರಿಗಳಲ್ಲಿದ್ದ ನೌಕರರು ಕುಟುಂಬ ಸಮೇತ ಫುನಾಫುಟಿಗೆ ಬಂದರು. ಹೊರ ದ್ವೀಪಗಳಿಂದ ಕೆಲಸಕ್ಕೆ, ಶಾಲೆಗೆ, ಆಸ್ಪತ್ರೆಗೆ ಬಂದವರು ಇಲ್ಲೇ ನಿಂತರು. ನೌರುವಿನ ಫಾಸ್ಫೇಟ್ ಗಣಿ ಬರಿದಾದಾಗ ಅಲ್ಲಿ ದುಡಿಯುತ್ತಿದ್ದವರೂ ಮರಳಿದರು. ಹಳ್ಳಿಯೊಂದು ಒಂದೇ ತಲೆಮಾರಿನಲ್ಲಿ ರಾಜಧಾನಿಯಾಯಿತು, ಆದರೆ ಅದರ ನೆಲ ಒಂದು ಗೇಣೂ ಹೆಚ್ಚಲಿಲ್ಲ.

ಇರುವ ನೆಲವೆಲ್ಲ ಫುನಾಫುಟಿಯ ಮೂಲ ಕುಟುಂಬಗಳದು. ಸರ್ಕಾರಿ ಕಟ್ಟಡಗಳೂ ಅವರಿಂದ ಗುತ್ತಿಗೆಗೆ ಪಡೆದ ಜಾಗದ ಮೇಲೆಯೇ ನಿಂತಿವೆ. ಹೊರ ದ್ವೀಪದಿಂದ ಬಂದ ಬಡವರಿಗೆ ಸಿಕ್ಕಿದ್ದು ಯಾರಿಗೂ ಬೇಡವಾದ ಜಾಗ, ಎಂದರೆ ಆ ಯುದ್ಧಕಾಲದ ಗುಂಡಿಗಳ ದಂಡೆ. ಕಸ ತುಂಬಿ, ಉಪ್ಪುನೀರು ನಿಂತ ಗುಂಡಿಗಳ ಮೇಲೆ ಕಂಬ ನೆಟ್ಟು ಗುಡಿಸಲು ಕಟ್ಟಿಕೊಂಡು ದಶಕಗಳ ಕಾಲ ಜನ ಬಾಳಿದರು. ಗುಂಡಿ ತುಂಬಿಸಿಕೊಡಿ ಎಂಬ ಬೇಡಿಕೆ ಎಷ್ಟೋ ಸರ್ಕಾರಗಳ ಮುಂದೆ ಹೋಗಿ ಬಂದು, ಕೊನೆಗೆ 2015ರಲ್ಲಿ ನ್ಯೂಜಿಲೆಂಡಿನ ನೆರವಿನಿಂದ ಲಗೂನಿನ ಮರಳು ಎತ್ತಿ ಅವನ್ನು ಮುಚ್ಚಲಾಯಿತು. ಯುದ್ಧ ತೋಡಿದ ಹೊಂಡ ಮುಚ್ಚಲು ಎಪ್ಪತ್ತು ವರ್ಷ ಬೇಕಾಯಿತು. ಫುನಾಫುಟಿಯ ಇತಿಹಾಸದಲ್ಲಿ ನನ್ನನ್ನು ಅತಿಯಾಗಿ ಕಲಕುವ ಸಂಗತಿ ಇದು.

ಇನ್ನು ನೀರಿನ ವಿಷಯ. ಅದಕ್ಕೆ ಮೊದಲು ಕಾಲಡಿಯ ಕಲ್ಲನ್ನು ಅರಿಯಬೇಕು. ಅದರ ಅರಿವಿಗೂ ಈ ಊರಿಗೂ ದೊಡ್ಡ ನಂಟಿದೆ.

ನಟ್ಟನಡು ಸಾಗರದಲ್ಲಿ ಇಂಥ ಉಂಗುರಗಳು ಹುಟ್ಟುವುದು ಹೇಗೆ ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ 1842ರಲ್ಲೇ ವಿವರಣೆ ಕೊಟ್ಟಿದ್ದ. ಸಮುದ್ರದಲ್ಲಿ ಎದ್ದ ಜ್ವಾಲಾಮುಖಿಯ ಅಂಚಿಗೆ ಹವಳ ಬೆಳೆಯುತ್ತದೆ; ಬೆಟ್ಟ ನಿಧಾನವಾಗಿ ಕುಸಿಯುತ್ತ ಹೋಗುತ್ತದೆ; ಹವಳ ಬೆಳಕನ್ನು ಬಿಡಲೊಲ್ಲದೆ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ; ಕೊನೆಗೆ ಬೆಟ್ಟ ಕಣ್ಮರೆಯಾಗಿ ಹವಳದ ಉಂಗುರವಷ್ಟೇ ಉಳಿಯುತ್ತದೆ. ಇದನ್ನು ಪರೀಕ್ಷಿಸಲು ಲಂಡನ್ನಿನ ರಾಯಲ್ ಸೊಸೈಟಿ ಆರಿಸಿಕೊಂಡದ್ದು ಫುನಾಫುಟಿಯನ್ನು. 1896ರ ಮೊದಲ ಪ್ರಯತ್ನದಲ್ಲಿ ಕೊರೆಯುವ ಯಂತ್ರ ಸಡಿಲ ಮರಳಿಗೆ ಸಿಕ್ಕಿ ಸೋತಿತು. 1897ರಲ್ಲಿ ಸಿಡ್ನಿಯ ಭೂವಿಜ್ಞಾನಿ ಎಡ್ಜ್‌ವರ್ತ್ ಡೇವಿಡ್ ಬಂದರು, 1898ರಲ್ಲಿ ಮತ್ತೊಂದು ತಂಡ ಮುಂದುವರಿಸಿತು. 340 ಮೀಟರ್ ಆಳಕ್ಕೆ ಇಳಿದರೂ ಸಿಕ್ಕಿದ್ದು ಹವಳದ ಸುಣ್ಣಕಲ್ಲೇ. ವಾದ ಆಗಲೂ ನಿಲ್ಲಲಿಲ್ಲ. ಡಾರ್ವಿನ್ ಹೇಳಿದ್ದೇ ಸರಿಯೆಂದು ಕಣ್ಣಾರೆ ಕಂಡದ್ದು 1952ರಲ್ಲಿ, ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ ಸಾವಿರ ಮೀಟರಿಗೂ ಹೆಚ್ಚು ಕೊರೆದು ಜ್ವಾಲಾಮುಖಿಯ ಕಲ್ಲು ಮುಟ್ಟಿದಾಗ. ಮಂಗಳೂರಿನ ಹಳೇ ಬಂದರಿನಿಂದ ಸರಕು ಹೋಗುವ ಲಕ್ಷದ್ವೀಪದ ನೆಲವೂ ಇದೇ ಜಾತಿಯದು.

1897ರ ತಂಡದ ಜತೆ ಡೇವಿಡ್ ಅವರ ಹೆಂಡತಿ ಕ್ಯಾರೊಲಿನ್ ಡೇವಿಡ್ ಕೂಡ ಬಂದಿದ್ದರು. ಗಂಡಸರು ಕಲ್ಲು ಕೊರೆಯುತ್ತಿದ್ದಾಗ ಆಕೆ ಊರಿನ ಹೆಂಗಸರೊಂದಿಗೆ ಕುಳಿತು ಅಡುಗೆ, ಔಷಧ, ಹಾಡು, ಹರಟೆಗಳನ್ನು ಬರೆದಿಟ್ಟುಕೊಂಡರು. 1899ರಲ್ಲಿ ಅದು ಪುಸ್ತಕವಾಗಿ ಬಂತು. ರಾಜಧಾನಿಯಾಗುವುದಕ್ಕೆ ಮುಂಚಿನ ಫುನಾಫುಟಿಯ ದಿನನಿತ್ಯದ ಬದುಕನ್ನು ಅರಿಯಲು ಅದಕ್ಕಿಂತ ಆಪ್ತವಾದ ದಾಖಲೆ ಅಪರೂಪ. ಕೊರೆದ ಜಾಗದಲ್ಲಿ ಈಗ ಒಂದು ಚಿಕ್ಕ ಗುರುತು ಇದೆ. ಹೋದವರು ತಪ್ಪದೆ ನೋಡಬೇಕು.

ಸುಣ್ಣಕಲ್ಲು ತೂತುತೂತಾದ ಕಲ್ಲು. ಮಳೆಯ ನೀರು ಅದರೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ, ಅದರ ಮೇಲೆ ತೆಳ್ಳನೆಯ ಪದರವಾಗಿ ನಿಲ್ಲುತ್ತದೆ. ದ್ವೀಪ ಅಗಲವಾಗಿದ್ದಷ್ಟೂ ಈ ಸಿಹಿನೀರಿನ ಪದರ ದಪ್ಪ. ಟುವಾಲುವಿನ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರು. ಪದರ ಸಿಗುವಷ್ಟು ಆಳಕ್ಕೆ ಗುಂಡಿ ತೋಡಿ, ಎಲೆ ಸೊಪ್ಪು ಕೊಳೆಸಿ ಗೊಬ್ಬರ ಮಾಡಿ, ಪುಲಾಕ ಎಂಬ ಗೆಡ್ಡೆ ಬೆಳೆಯುತ್ತಿದ್ದರು. ಅದು ನಮ್ಮ ಕೆಸುವಿನ ಕುಟುಂಬದ್ದೇ ಗಿಡ. ಎಲೆಗಳು ಆಳೆತ್ತರ ಬೆಳೆಯುತ್ತವೆ. ಮರಳಿನ ಮೇಲೆ ಊಟ ಬೆಳೆಯುವ ಈ ವಿದ್ಯೆ ಪೀಳಿಗೆಗಳ ತಾಳ್ಮೆಯಿಂದ ಬಂದದ್ದು. ಗುಂಡಿಯ ಮಣ್ಣನ್ನು ತಾತ ಮುತ್ತಾತಂದಿರು ಕಟ್ಟಿರುತ್ತಾರೆ. ಒಮ್ಮೆ ಉಪ್ಪು ನುಗ್ಗಿದರೆ ಅದನ್ನು ಸರಿಪಡಿಸಲು ವರ್ಷಗಳೇ ಹಿಡಿಯುತ್ತವೆ.

ಫೊಂಗಾಫಾಲೆಯಲ್ಲಿ ಈಗ ಅಂತರ್ಜಲ ಕುಡಿಯಲು ಬಾರದು. ಕಡಲು ಬೆರೆತಿದೆ, ಶೌಚಗುಂಡಿಗಳ ಸೋರಿಕೆಯೂ ಸೇರಿದೆ. ಇಡೀ ರಾಜಧಾನಿ ಕುಡಿಯುವುದು ಸೂರಿನ ನೀರು. ಪ್ರತಿ ಮನೆಯ ಪಕ್ಕದಲ್ಲಿ ದೊಡ್ಡ ಪ್ಲಾಸ್ಟಿಕ್ ಟ್ಯಾಂಕು, ತಗಡಿನ ಮಾಡಿನಿಂದ ಅದಕ್ಕೆ ಇಳಿಬಿಟ್ಟ ದೋಣಿ ಮತ್ತು ಪೈಪು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು, ಆದರೆ ಕೂಡಿಟ್ಟುಕೊಳ್ಳಲು ಕೆರೆಯಿಲ್ಲ, ಹೊಳೆಯಿಲ್ಲ, ಗುಡ್ಡವಿಲ್ಲ. ಲಾ ನಿನಾ ಬಂದ ವರ್ಷ ಮಳೆಯ ಮೋಡಗಳು ಪಶ್ಚಿಮಕ್ಕೆ ಸರಿದು ಇಲ್ಲಿ ಆಕಾಶ ಒಣಗುತ್ತದೆ. 2011ರಲ್ಲಿ ಹಾಗೇ ಆಯಿತು. ಸೆಪ್ಟೆಂಬರ್ ಕೊನೆಗೆ ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಿ, ಮನೆಗೆ ದಿನಕ್ಕೆ ಎರಡು ಬಕೆಟ್ ನೀರೆಂದು ಹಂಚಿತು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ವಿಮಾನಗಳು ಉಪ್ಪುನೀರು ಸಿಹಿ ಮಾಡುವ ಯಂತ್ರಗಳನ್ನು ಹೊತ್ತು ಬಂದವು. ಮನೆಕಟ್ಟುವಾಗ ಫುನಾಫುಟಿಯವರು ಕೋಣೆಗಳಿಗಿಂತ ಮೊದಲು ಸೂರಿನ ವಿಸ್ತಾರದ ಬಗ್ಗೆ ಯೋಚಿಸಬೇಕಾಗಿರುವುದು ಇದರಿಂದ.

ಕಡಲು ಊರಿಗೆ ನುಗ್ಗುವ ಬಗೆಯೂ ದೂರದವರು ಊಹಿಸಿದಂತೆ ಇಲ್ಲ. ಅಲೆಯೊಂದು ದಡ ಹಾರಿ ಬರುವುದು ಚಂಡಮಾರುತದ ಹೊತ್ತಿನಲ್ಲಿ. ವರ್ಷದ ಮೊದಲ ತಿಂಗಳುಗಳಲ್ಲಿ ಬರುವ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಬರುವುದು ಕೆಳಗಿನಿಂದ. ತೂತು ಕಲ್ಲಿನೊಳಗೆ ಏರಿ, ಊರಿನ ನಡುವೆ, ರನ್‌ವೇಯ ಅಂಚಿನಲ್ಲಿ, ಮನೆಯಂಗಳದಲ್ಲಿ ಸದ್ದಿಲ್ಲದೆ ಒಸರಿ ಮೊಣಕಾಲಿಗೆ ಬರುತ್ತದೆ. ಕೆಲವು ಗಂಟೆಗಳ ನಂತರ ಇಳಿತದೊಂದಿಗೆ ಇಳಿದುಹೋಗುತ್ತದೆ. ಕಡಲ ಅಂಚಿಗೆ ಎಂಥ ಗೋಡೆ ಕಟ್ಟಿದರೂ ಇದನ್ನು ತಡೆಯಲಾಗದು.

ಈ ನೀರು ಒಸರುವ ತಗ್ಗು ಯಾವುದು? ಜಪಾನಿನ ವಿಜ್ಞಾನಿಗಳು ಹತ್ತೊಂಬತ್ತನೇ ಶತಮಾನದ ಕೊನೆಯ ನಕ್ಷೆಗಳನ್ನೂ ಯುದ್ಧಕಾಲದ ಮತ್ತು ಅನಂತರದ ಚಿತ್ರಗಳನ್ನೂ ಒಂದರ ಮೇಲೊಂದಿಟ್ಟು ನೋಡಿ, 2007ರಲ್ಲಿ ಉತ್ತರ ಪ್ರಕಟಿಸಿದರು. ಆ ತಗ್ಗು ಹಿಂದೆ ಜೌಗು ನೆಲವಾಗಿತ್ತು. ಹಳೆಯ ಊರು ಇದ್ದದ್ದು ಲಗೂನಿನ ಬದಿಯ ಸ್ವಲ್ಪ ಎತ್ತರದ ಏರಿಯ ಮೇಲೆ. ಜೌಗಿನ ಮೇಲೆ ರನ್‌ವೇ ಬಂತು, ರನ್‌ವೇಯ ಸುತ್ತ ಹೊಸ ಮನೆಗಳು ಬಂದವು. ಹಿರಿಯರು ಮನೆ ಕಟ್ಟದೆ ಬಿಟ್ಟ ಜಾಗದಲ್ಲಿ ರಾಜಧಾನಿ ಬೆಳೆಯಿತು. ಇದರರ್ಥ ಸಮುದ್ರ ಏರುತ್ತಿಲ್ಲವೆಂದಲ್ಲ. ನಾಸಾದ ಲೆಕ್ಕದಂತೆ ಮೂವತ್ತು ವರ್ಷಗಳಲ್ಲಿ ಇಲ್ಲಿ ಕಡಲು ಸುಮಾರು 15 ಸೆಂಟಿಮೀಟರ್ ಏರಿದೆ. 2050ರ ಹೊತ್ತಿಗೆ ಊರಿನ ಬಹುಪಾಲು ನೆಲ ಮಾಮೂಲಿ ಉಬ್ಬರದ ಮಟ್ಟಕ್ಕಿಂತ ಕೆಳಗಿರುತ್ತದೆ. ಏರುವ ಕಡಲಿಗೆ ಮೊದಲು ಸಿಗುವವರು ತಗ್ಗಿನಲ್ಲಿ ಮನೆ ಮಾಡಿಕೊಂಡವರು. ಅವರು ಅಲ್ಲಿಗೆ ಹೋದದ್ದು ಬೇರೆ ಕಡೆ ಜಾಗವಿಲ್ಲದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. 2018ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಪುಟ್ಟ ತುಣುಕುಗಳೂ ಸೇರಿ ಟುವಾಲುವಿನ 101 ದ್ವೀಪಗಳ ವೈಮಾನಿಕ ಚಿತ್ರಗಳನ್ನು ಅಳೆದು, 1971ರಿಂದ 2014ರ ನಡುವೆ ಒಟ್ಟು ನೆಲ ಶೇ 2.9ರಷ್ಟು ಹೆಚ್ಚಿದೆ ಎಂದರು. ಹಾಗಾದರೆ ಮುಳುಗಡೆಯೆಲ್ಲ ಸುಳ್ಳೇ ಎಂದು ಹಲವರು ಕೂಗಿದರು. ಸುಳ್ಳಲ್ಲ. ಹವಳದ ದ್ವೀಪ ಕಲ್ಲಿನ ಗುಡ್ಡದಂತೆ ನಿಂತಲ್ಲೇ ನಿಲ್ಲುವುದಿಲ್ಲ. ಒಂದು ಕಡೆ ಕೊರೆದು ಇನ್ನೊಂದು ಕಡೆ ಕೂಡುತ್ತದೆ. 1972ರ ಅಕ್ಟೋಬರ್‌ನಲ್ಲಿ ಬೆಬೆ ಚಂಡಮಾರುತ ಫುನಾಫುಟಿಯ ಮನೆ ಮರಗಳನ್ನೆಲ್ಲ ನೆಲಸಮ ಮಾಡಿತು. ಅದೇ ರಾತ್ರಿ ಕಡಲ ತಳದಿಂದ ಹವಳದ ಚೂರು ಎತ್ತಿ ತಂದು ಹತ್ತಾರು ಕಿಲೋಮೀಟರ್ ಉದ್ದದ ದಿಬ್ಬವನ್ನೂ ಕಟ್ಟಿಹೋಯಿತು. 1997ರ ಚಂಡಮಾರುತಗಳಲ್ಲಿ ಟೆಪುಕಾ ಸವಿಲಿವಿಲಿ ಎಂಬ ಪುಟ್ಟ ದ್ವೀಪ ತೆಂಗಿನ ಮರಗಳ ಸಮೇತ ಕೊಚ್ಚಿಹೋಯಿತು. ಅಳತೆಯಲ್ಲಿ ನೆಲ ಹೆಚ್ಚಿದರೂ ಅದು ಮನೆ ಇರುವಲ್ಲಿ, ಪುಲಾಕದ ಗುಂಡಿ ಇರುವಲ್ಲಿ ಹೆಚ್ಚಬೇಕಲ್ಲ? ನೆಲದ ಅಗಲ ಹೆಚ್ಚಿತೆಂದರೆ ಎತ್ತರವೂ ಹೆಚ್ಚಿತೆಂದಲ್ಲ, ನೀರು ಸಿಹಿಯಾಯಿತೆಂದೂ ಅಲ್ಲ.

ಆ ಮರಳು ಬರುವುದೆಲ್ಲಿಂದ ಎಂಬುದು ಇನ್ನೂ ಸೊಗಸಾದ ಕತೆ. ಫುನಾಫುಟಿಯ ಕಡಲತೀರದ ಮರಳಿನ ದೊಡ್ಡ ಪಾಲು ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪು. ಹವಳದ ಹಾಸಿನ ಮೇಲೆ ಬದುಕಿ ಸತ್ತ ಅಸಂಖ್ಯ ಜೀವಿಗಳ ಸುಣ್ಣದ ಚಿಪ್ಪುಗಳು ಅಲೆಯೊಂದಿಗೆ ತೇಲಿಬಂದು ದಡ ಸೇರುತ್ತವೆ. ಊರಿನ ಕೊಳಚೆ ಲಗೂನಿಗೆ ಇಳಿದರೆ ಈ ಜೀವಿಗಳು ಕ್ಷೀಣಿಸುತ್ತವೆ, ದಡಕ್ಕೆ ಮರಳಿನ ಸರಬರಾಜು ಕಡಿಮೆಯಾಗುತ್ತದೆ. ಜಪಾನಿನ ತಂಡವೊಂದು ಫುನಾಫುಟಿಯಲ್ಲಿ ಈ ಜೀವಿಗಳನ್ನು ಸಾಕಿ ಬೆಳೆಸುವ ಪ್ರಯೋಗವನ್ನೇ ನಡೆಸಿತು. ಇಲ್ಲಿ ಶೌಚಾಲಯದ ಸುಧಾರಣೆ ಕೂಡ ನೆಲ ಉಳಿಸುವ ಕೆಲಸ.

ಇಷ್ಟೆಲ್ಲ ಕೆಲಸಕ್ಕೆ ಹಣ? ಟುವಾಲುವಿನ ಆಡಳಿತಗಾರರು ಇದ್ದುದರಲ್ಲೇ ಮಾರಬಹುದಾದದ್ದನ್ನು ಹುಡುಕಿದ ಜಾಣ್ಮೆಯನ್ನು ಮೆಚ್ಚಲೇಬೇಕು. ಮೊದಲು ಅಂಚೆಚೀಟಿ. ಆಮೇಲೆ 1987ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ನೆರವಿನಿಂದ ಕಟ್ಟಿದ ರಾಷ್ಟ್ರೀಯ ನಿಧಿ. ಅಂತರ್ಜಾಲ ಬಂದಾಗ ದೇಶಕ್ಕೆ ಸಿಕ್ಕ ‘ಡಾಟ್ ಟಿವಿ’ ವಿಳಾಸ ಟೆಲಿವಿಷನ್ ಕಂಪನಿಗಳಿಗೆಲ್ಲ ಬೇಕಾಯಿತು. 12 ವರ್ಷಗಳಲ್ಲಿ 5 ಕೋಟಿ ಡಾಲರ್ ಕೊಡುವ ಕರಾರನ್ನು ಅಮೆರಿಕದ ಕಂಪನಿಯೊಂದು ಮಾಡಿಕೊಂಡಿತು. ಆ ಹಣದ ಬಲದಿಂದಲೇ ಟುವಾಲು 2000ರ ಸೆಪ್ಟೆಂಬರ್ 5ರಂದು ವಿಶ್ವಸಂಸ್ಥೆಯ 189ನೇ ಸದಸ್ಯ ದೇಶವಾಯಿತು. ಫುನಾಫುಟಿಯ ರಸ್ತೆಗೆ ಡಾಂಬರು ಬಿತ್ತು. ಎಲ್ಲಕ್ಕಿಂತ ದೊಡ್ಡ ಆದಾಯ ಟ್ಯೂನಾ ಮೀನಿನದು. ಏಳು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ಕಡಲು ಈ ದೇಶದ ಹಕ್ಕಿನಲ್ಲಿದೆ. ನೆರೆಯ ದ್ವೀಪದೇಶಗಳೊಂದಿಗೆ ಸೇರಿ, ಹೊರಗಿನ ಹಡಗುಗಳಿಗೆ ಮೀನು ಹಿಡಿಯುವ ದಿನಗಳನ್ನೇ ಮಾರುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಒಬ್ಬೊಬ್ಬರೇ ಚೌಕಾಸಿ ಮಾಡುತ್ತಿದ್ದಾಗ ಬಿಡಿಗಾಸು ಕೊಡುತ್ತಿದ್ದ ಹಡಗಿನವರು ಈಗ ಒಂದು ದಿನಕ್ಕೆ ಕನಿಷ್ಠ 8,000 ಡಾಲರ್ ಕೊಡಬೇಕು.

ಇದನ್ನೆಲ್ಲ ನಡೆಸುವ ಸರ್ಕಾರಿ ಕಟ್ಟಡ ಲಗೂನಿನ ದಂಡೆಯ ವೈಯಾಕು ಬಡಾವಣೆಯಲ್ಲಿದೆ. ತೈವಾನ್ ಕಟ್ಟಿಸಿಕೊಟ್ಟ ಮೂರಂತಸ್ತಿನ ಕಟ್ಟಡ. ಪಕ್ಷಗಳಿಲ್ಲದ 16 ಸದಸ್ಯರ ಸಂಸತ್ತು ಸೇರುವುದು ರನ್‌ವೇಗೆ ಹತ್ತಿರದ ಸಭಾಮಂಟಪದಲ್ಲಿ. ಬ್ಯಾಂಕು, ಅಂಚೆ ಕಚೇರಿ, ಹೆಂಗಸರ ಕರಕುಶಲ ಮಳಿಗೆ ಎಲ್ಲ ನಡೆದೇ ಹೋಗಬಹುದಾದ ದೂರದಲ್ಲಿವೆ. ಅಂಗಳಗಳಲ್ಲಿ ಹೂ ಹೊದಿಸಿದ ಸಮಾಧಿಗಳು ಕಾಣುತ್ತವೆ. ತಮ್ಮವರನ್ನು ಮನೆಯ ಪಕ್ಕದಲ್ಲೇ ಮಣ್ಣು ಮಾಡುವುದು ಇಲ್ಲಿನ ರೂಢಿ. ನೆಲ ಬಿಟ್ಟು ಹೋಗಿ ಎಂದು ಸಲಹೆ ಕೊಡುವ ಹೊರಗಿನವರು ಈ ಸಮಾಧಿಗಳನ್ನು ಒಮ್ಮೆ ನೋಡಿ ಮಾತಾಡಬೇಕು. ರನ್‌ವೇಯ ಉತ್ತರಕ್ಕೆ ತೈವಾನಿನ ಕೃಷಿ ತಂಡ ನಡೆಸುವ ತೋಟವಿದೆ. ಮಣ್ಣಿಗೆ ಉಪ್ಪು ಏರಿರುವುದರಿಂದ ಎಲೆ, ತೆಂಗಿನ ತ್ಯಾಜ್ಯ ಕೊಳೆಸಿದ ಗೊಬ್ಬರದ ಪಾತಿಗಳಲ್ಲಿ ಸೌತೆ, ಸೊಪ್ಪು, ಪಪ್ಪಾಯಿ ಬೆಳೆಯುತ್ತಾರೆ. ತರಕಾರಿ ಮಾರುವ ದಿನ ಬೆಳಿಗ್ಗೆಯೇ ಸಾಲು ನಿಲ್ಲುತ್ತದೆ.

ಹೋಗುವವರಿಗೆ ಒಂದೆರಡು ಮಾತು. ವರ್ಷಕ್ಕೆ ಕೆಲವೇ ಸಾವಿರ ಹೊರಗಿನವರು ಬರುವ ದೇಶವಿದು. ವಸತಿಗೃಹಗಳು ಬೆರಳೆಣಿಕೆಯವು, ಮೊದಲೇ ಗೊತ್ತು ಮಾಡಿಕೊಳ್ಳಬೇಕು. ನಡೆಯುವ ನಾಣ್ಯ ಆಸ್ಟ್ರೇಲಿಯಾದ ಡಾಲರ್. ದೇಶದಲ್ಲಿ ಮೊದಲ ಎಟಿಎಂ ಬಂದದ್ದೇ 2025ರ ಏಪ್ರಿಲ್‌ನಲ್ಲಿ, ಆದ್ದರಿಂದ ನಗದು ಕೈಯಲ್ಲಿದ್ದರೆ ಒಳ್ಳೆಯದು. ಭಾನುವಾರ ಚರ್ಚಿನ ದಿನ, ಊರು ಮೌನವಾಗಿರುತ್ತದೆ. ಮೈತುಂಬ ಬಟ್ಟೆ ಹಾಕಿಕೊಳ್ಳುವುದು ಮರ್ಯಾದೆ. ಉಂಗುರದ ಪಶ್ಚಿಮ ಬದಿಯಲ್ಲಿ 1996ರಿಂದ ರಕ್ಷಿತವಾಗಿರುವ ಕಡಲಪ್ರದೇಶವಿದೆ. ದೋಣಿಯಲ್ಲಿ ಅಲ್ಲಿಗೆ ಹೋದರೆ ಜನರಿಲ್ಲದ ಆರು ದ್ವೀಪಗಳು, ಕಡಲಹಕ್ಕಿಗಳು, ಆಮೆಗಳು. ನೋಡಲೇಬೇಕಾದದ್ದು ಮಾತ್ರ ಫಾಟೆಲೆ. ಸಭಾಮಂಟಪದ ನಡುವೆ ಗಂಡಸರು ಮರದ ಪೆಟ್ಟಿಗೆಯೊಂದರ ಸುತ್ತ ಕುಳಿತು ಅಂಗೈಯಿಂದ ಬಡಿಯುತ್ತಾರೆ. ಹಾಡು ಮೆಲ್ಲಗೆ ಶುರುವಾಗುತ್ತದೆ. ಅದೇ ಸಾಲು ಮತ್ತೆ ಮತ್ತೆ, ಪ್ರತಿ ಸಲ ಸ್ವಲ್ಪ ಜೋರಾಗಿ, ಸ್ವಲ್ಪ ಬೇಗ. ಎಲೆಯ ಲಂಗ, ಹೂದಂಡೆ ತೊಟ್ಟ ಹೆಂಗಸರ ಕೈಗಳು ಆ ವೇಗವನ್ನು ಹಿಡಿಯುತ್ತ ಹೋಗುತ್ತವೆ. ಕಟ್ಟಡವೇ ಅದುರುವಂತಾಗಿ ಒಂದೇ ಏಟಿಗೆ ನಿಂತುಬಿಡುತ್ತದೆ. ಒಂದು ದ್ವೀಪದವರು ಮುಗಿಸಿದರೆ ಎದುರಿನ ದ್ವೀಪದವರು ಉತ್ತರ ಕೊಡುತ್ತಾರೆ.

ಊರು ಉಳಿಸಿಕೊಳ್ಳುವ ಪ್ರಯತ್ನ ಕಣ್ಣಿಗೆ ಕಾಣುವಂತೆ ನಡೆದಿದೆ. ಹಸಿರು ಹವಾಮಾನ ನಿಧಿಯ ಹಣದಲ್ಲಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜತೆ, ಲಗೂನಿನ ಮರಳು ಎತ್ತಿ ಫೊಂಗಾಫಾಲೆಯ ದಂಡೆಗೆ 7.8 ಹೆಕ್ಟೇರ್ ಹೊಸ ನೆಲವನ್ನು 2023ರ ಹೊತ್ತಿಗೆ ಸೇರಿಸಲಾಯಿತು. 2100ರ ಆಚೆಗೂ ಕಡಲು ಏರಿ ಬಾರದಷ್ಟು ಎತ್ತರ ಅದಕ್ಕಿದೆ. ಮುಂದೆ 3.6 ಚದರ ಕಿಲೋಮೀಟರ್ ಎತ್ತರದ ನೆಲ ಕಟ್ಟಿ, ಜನರನ್ನು ಹಂತಹಂತವಾಗಿ ಅಲ್ಲಿಗೆ ಸಾಗಿಸುವ ಯೋಜನೆಯನ್ನೂ ಸರ್ಕಾರ ಮುಂದಿಟ್ಟಿದೆ. ಈಗಿರುವ ಫುನಾಫುಟಿಗಿಂತ ದೊಡ್ಡ ನೆಲ ಅದು. 2021ರಲ್ಲಿ ಸೈಮನ್ ಕೋಫೆ ಎಂಬ ಸಚಿವರು ಮೊಣಕಾಲುದ್ದ ನೀರಿನಲ್ಲಿ ನಿಂತು ಮಾಡಿದ ಭಾಷಣ ಜಗತ್ತೆಲ್ಲ ಹರಡಿತು. ಅದಕ್ಕಿಂತ ದೂರಗಾಮಿಯಾದ ಕೆಲಸ ಸಂಸತ್ತಿನಲ್ಲಿ ಆಯಿತು: 2023ರಲ್ಲಿ ಸಂವಿಧಾನ ತಿದ್ದಿ, ಕಡಲು ನೆಲವನ್ನು ನುಂಗಿದರೂ ಟುವಾಲು ಎಂಬ ರಾಷ್ಟ್ರ ಶಾಶ್ವತ ಎಂದು ಬರೆದುಕೊಂಡರು. ನೆಲ ಹೋದರೆ ಕಡಲ ಹಕ್ಕೂ ಹೋಗುತ್ತದೆಯೇ, ಟ್ಯೂನಾ ಯಾರದು ಎಂಬ ಪ್ರಶ್ನೆಗೆ ಮೊದಲೇ ಹಾಕಿದ ಬೇಲಿ ಅದು.

ವಲಸೆ ಇವರಿಗೆ ಹೊಸದಲ್ಲ. 1863ರಲ್ಲಿ ಪೆರುವಿನ ಗುಲಾಮ ವ್ಯಾಪಾರದ ಹಡಗುಗಳು ಫುನಾಫುಟಿ ಮತ್ತು ನುಕುಲೇಲೇಗಳಿಂದ ನೂರಾರು ಜನರನ್ನು ಮೋಸದಿಂದ ಹೊತ್ತೊಯ್ದವು, ಅವರು ಮರಳಲಿಲ್ಲ. ಯುದ್ಧಾನಂತರ ವೈಟುಪು ದ್ವೀಪದವರು ಅಮೆರಿಕದ ಸೈನ್ಯಕ್ಕೆ ದುಡಿದ ಹಣ ಕೂಡಿಸಿ ಫಿಜಿಯಲ್ಲಿ ಕಿಯೋಆ ಎಂಬ ದ್ವೀಪ ಕೊಂಡರು. 1947ರಿಂದ ಅಲ್ಲಿ ನೆಲೆಸಿದವರು ತಮ್ಮ ಮಾತು, ಹಾಡು ಬಿಡದೆ ಬಾಳುತ್ತಿದ್ದಾರೆ. ಈಗಿನ ದಾರಿ ಆಸ್ಟ್ರೇಲಿಯಾದೊಂದಿಗೆ 2023ರ ನವೆಂಬರ್‌ನಲ್ಲಿ ಸಹಿಯಾಗಿ 2024ರ ಆಗಸ್ಟ್‌ನಿಂದ ಜಾರಿಯಾದ ಫಲೆಪಿಲಿ ಒಪ್ಪಂದ. ವರ್ಷಕ್ಕೆ ಲಾಟರಿಯಲ್ಲಿ ಹೆಸರು ಬಂದ 280 ಮಂದಿ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು, ದುಡಿಯಬಹುದು, ಓದಬಹುದು, ಮನಸ್ಸಾದಾಗ ಊರಿಗೆ ಬಂದು ಹೋಗಬಹುದು. ಬದಲಿಗೆ ಬೇರೆ ದೇಶಗಳೊಂದಿಗೆ ರಕ್ಷಣಾ ಒಪ್ಪಂದ ಮಾಡಿಕೊಳ್ಳುವಾಗ ಟುವಾಲು ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಬೇಕು. ಒಂದು ಸಾರ್ವಭೌಮ ದೇಶಕ್ಕೆ ಇದು ಸಣ್ಣ ಬೆಲೆಯಲ್ಲ, ಊರಿನಲ್ಲಿ ಇದರ ಬಗ್ಗೆ ಬಿರುಸಿನ ಚರ್ಚೆಯೂ ನಡೆದಿದೆ. ಆದರೂ 2025ರಲ್ಲಿ ಮೊದಲ ಲಾಟರಿಗೆ ಹೆಸರು ಕೊಟ್ಟವರು ಕುಟುಂಬದವರೂ ಸೇರಿ 8,750 ಮಂದಿ, ಐವರಲ್ಲಿ ನಾಲ್ವರು.

ಇದನ್ನು ದೇಶ ಬಿಟ್ಟು ಓಡುವ ಆತುರವೆಂದು ಓದುವುದು ತಪ್ಪು. ದಾರಿ ತೆರೆದಿರಲಿ ಎಂದು ಹೆಸರು ಕೊಟ್ಟವರು, ಮಕ್ಕಳ ಓದಿಗೆ ಕೊಟ್ಟವರು, ದುಡಿದು ಹಣ ಕಳಿಸಿ ಮನೆಗೆ ದೊಡ್ಡ ಟ್ಯಾಂಕು ಹಾಕಿಸೋಣವೆಂದು ಕೊಟ್ಟವರು ಎಲ್ಲ ಅದರಲ್ಲಿರುತ್ತಾರೆ. ಸರ್ಕಾರದ ಚಿಂತೆ ಇನ್ನೊಂದು. ಲಾಟರಿ ಎತ್ತುವಾಗ ಯಾರ ವೃತ್ತಿ ಏನೆಂದು ನೋಡುವುದಿಲ್ಲ. 11 ಸಾವಿರದಲ್ಲಿ ವರ್ಷಕ್ಕೆ 280 ಎಂದರೆ ನೂರಕ್ಕೆ ಎರಡೂವರೆ. ಅದರಲ್ಲಿ ನರ್ಸುಗಳೂ ಮೇಷ್ಟ್ರುಗಳೂ ಮೆಕ್ಯಾನಿಕ್‌ಗಳೂ ಇರಬಹುದು. ದೇಶಕ್ಕೆಲ್ಲ ಇರುವುದು ಫುನಾಫುಟಿಯ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆ ಒಂದೇ. ಹೊರ ದ್ವೀಪದ ಬಸುರಿ ಹಡಗಿನಲ್ಲಿ ದಿನಗಟ್ಟಲೆ ಸಾಗಿ ಇಲ್ಲಿಗೇ ಬರಬೇಕು, ಬಂದಾಗ ಹೆರಿಗೆ ಮಾಡಿಸಲು ಕೈಗಳಿರಬೇಕು. ಹೊಸ ನೆಲ ಕಟ್ಟುವ ಹಣದ ಜತೆಗೆ, ಆ ಆಸ್ಪತ್ರೆಗೆ ವರ್ಷ ವರ್ಷವೂ ನರ್ಸುಗಳನ್ನು ತರಬೇತು ಮಾಡುವ ಖರ್ಚನ್ನೂ ಆಸ್ಟ್ರೇಲಿಯಾ ಹೊರಬೇಕು. ಹೋಗುವವರಿಗೆ ಬಾಗಿಲು ತೆರೆದ ದೇಶ ಉಳಿಯುವವರಿಗೆ ಕೊಡಬೇಕಾದದ್ದು ಅದನ್ನೇ.